ಉಪ್ಪಿನಕಾಯಿ ಬಾಟಲಿಯ ಕ್ಯೂಆರ್ ಕೋಡ್ ಮತ್ತು 'ರೀಡೈರೆಕ್ಷನ್' ಪ್ಲಗಿನ್

ನಮ್ಮ ಚಿಕ್ಕಮ್ಮ ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರ ಸೈಟ್ ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ನಾನು. ಸಂಬಳ ವರ್ಷಕ್ಕೆ ನಾಲ್ಕು ಬಾಟಲಿ. ಈ ಕೆಲಸದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಬಳಸಿದ ಒಂದು ಪ್ಲಗಿನ್ (ಸೈಟ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಬಗ್ಗೆ ಬರೆಯುತ್ತಿದ್ದೇನೆ. ಹೆಸರು 'ರೀಡೈರೆಕ್ಷನ್', ಅಷ್ಟೇ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಸಿಗುತ್ತದೆ, ಬರೆದವರು ಜಾನ್ ಗಾಡ್ಲಿ, ಪೂರ್ತಿ ಉಚಿತ. 20 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಇದೆ. 'ಇದಿಷ್ಟು ಫ್ರೀ, ಉಳಿದದ್ದಕ್ಕೆ ದುಡ್ಡು ಕೊಡಿ' ಅನ್ನುವ ಕಾಟ ಇಲ್ಲ. ಇವತ್ತಿನ ದಿನದಲ್ಲಿ ಇದೊಂದೇ ಕಾರಣಕ್ಕೆ ಅರ್ಧ ಸ್ಟಾರ್ ಕೊಡಬಹುದು.

ರೀಡೈರೆಕ್ಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ವಿಳಾಸಕ್ಕೆ ಬಂದವರನ್ನು ಇನ್ನೊಂದಕ್ಕೆ ಕಳಿಸುವುದು, ಅಷ್ಟೇ. ಯಾವ ಥರ ಕಳಿಸುತ್ತಿದೆ ಅಂತ ಸೈಟ್ ಒಂದು ಸಂಕೇತದ ಅಂಕಿಯಲ್ಲಿ ಹೇಳುತ್ತದೆ. ಅಂಗಡಿ ಬೇರೆ ಬೀದಿಗೆ ಹೋದಾಗ ಹಳೇ ಶಟರ್ ಮೇಲೆ 'ಅಂಗಡಿಯನ್ನು ಸ್ಥಳಾಂತರಿಸಲಾಗಿದೆ' ಅಂತ ಬಣ್ಣದಲ್ಲಿ ಬರೆಸುತ್ತಾರಲ್ಲ, ಅದು 301. 'ಊಟಕ್ಕೆ ಹೋಗಿದ್ದೇನೆ, ಪಕ್ಕದ ಅಂಗಡಿಯಲ್ಲಿ ಕೇಳಿ' ಅಂತ ಚೀಟಿ ಅಂಟಿಸುತ್ತಾರಲ್ಲ, ಅದು 302. ಮೊದಲನೆಯದನ್ನು ಗೂಗಲ್ ಗಂಭೀರವಾಗಿ ತೆಗೆದುಕೊಂಡು ಹಳೇ ವಿಳಾಸದ ಬದಲು ಹೊಸದನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಎರಡನೆಯದನ್ನು ನೋಡಿದರೆ 'ಇವನು ವಾಪಸ್ ಬರ್ತಾನೆ' ಅಂತ ಹಳೇ ವಿಳಾಸವನ್ನೇ ಇಟ್ಟುಕೊಳ್ಳುತ್ತದೆ. ಈ ಎರಡರ ವ್ಯತ್ಯಾಸ ತಿಳಿದಿದ್ದರೆ ಸಣ್ಣ ಸೈಟ್‌ನವರಿಗೆ ಮುಕ್ಕಾಲು ಪಾಲು ವಿದ್ಯೆ ಬಂದ ಹಾಗೆ.

ನನಗೆ ಇದು ಬೇಕಾದದ್ದು 2022ರಲ್ಲಿ. ಚಿಕ್ಕಮ್ಮ 2011ರಿಂದ ಗೂಗಲ್‌ನ ಉಚಿತ ಬ್ಲಾಗ್ ಸೇವೆ ಬ್ಲಾಗರ್‌ನಲ್ಲಿ ಅಡುಗೆ ಬರೆಯುತ್ತಿದ್ದರು. ಸುಮಾರು 340 ಬರಹ. ಪುಣ್ಯಕ್ಕೆ ಮೊದಲೇ ಸ್ವಂತ ಡೊಮೇನ್ (ನಮ್ಮದೇ ಹೆಸರಿನ ವಿಳಾಸ) ತೆಗೆದುಕೊಂಡು ಅದಕ್ಕೆ ಜೋಡಿಸಿದ್ದೆವು. ಉಪ್ಪಿನಕಾಯಿ ಮಾರಲು ಶುರು ಮಾಡಿದ ಮೇಲೆ ಅಂಗಡಿಯೂ ಬ್ಲಾಗೂ ಒಂದೇ ಕಡೆ ಇರಲಿ ಅಂತ ವರ್ಡ್‌ಪ್ರೆಸ್‌ಗೆ ಸಾಗಿಸಿದೆವು. ಕನ್ನಡದಲ್ಲಿ ಬ್ಲಾಗ್ ಬರೆದವರಿಗೆಲ್ಲ ಒಂದು ಹಳೇ ನೋವು ನೆನಪಿರಬಹುದು. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್‌ಗೆ ವಿಳಾಸ ಮಾಡಲು ಬರುತ್ತಿರಲಿಲ್ಲ. ಎಲ್ಲದಕ್ಕೂ 'ಬ್ಲಾಗ್-ಪೋಸ್ಟ್' ಅಂತಲೇ ಹೆಸರಿಟ್ಟು ಹಿಂದೆ ಒಂದು ಅಂಕಿ ಸೇರಿಸುತ್ತಿತ್ತು. ಬ್ಲಾಗ್-ಪೋಸ್ಟ್ 12, ಬ್ಲಾಗ್-ಪೋಸ್ಟ್ 27, ಹೀಗೆ. ತಂಬುಳಿಗೂ ಅದೇ ಹೆಸರು, ತೊಡದೇವಿಗೂ ಅದೇ ಹೆಸರು. ಹಳೇ ವಿಳಾಸ ನೋಡಿ ಒಳಗೆ ಯಾವ ಅಡುಗೆ ಇದೆ ಅಂತ ಹೇಳಲು ದೇವರಿಗೂ ಆಗದು. ಹಾಗಾಗಿ ಒಂದು ಸೂತ್ರ ಬರೆದು ಎಲ್ಲವನ್ನೂ ಒಟ್ಟಿಗೆ ತಿರುಗಿಸುವ ದಾರಿ ಇರಲಿಲ್ಲ. ಒಂದೊಂದಕ್ಕೂ ಹಳೆಯದು ಯಾವುದು, ಹೊಸದು ಯಾವುದು ಅಂತ ಜೋಡಿ ಮಾಡಲೇಬೇಕಿತ್ತು.

ಇಲ್ಲಿ ಒಂದು ಉಪಕಾರ ಆಯಿತು. ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಬರಹ ತರುವ ಇಂಪೋರ್ಟರ್ ಪ್ರತಿ ಬರಹದ ಹಳೇ ವಿಳಾಸವನ್ನೂ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಹೊರತೆಗೆದು ಹಳೇ ವಿಳಾಸ ಒಂದು ಕಾಲಂ, ಹೊಸದು ಇನ್ನೊಂದು ಕಾಲಂ ಮಾಡಿ ಸಿಎಸ್‌ವಿ ಫೈಲ್ ತಯಾರಿಸಿದೆ. ರೀಡೈರೆಕ್ಷನ್ ಪ್ಲಗಿನ್‌ನಲ್ಲಿ ಇಂಪೋರ್ಟ್ ಅಂತ ಒಂದು ಟ್ಯಾಬ್ ಇದೆ. ಅಲ್ಲಿಗೆ ಫೈಲ್ ಹಾಕಿದೆ, 340 ಸಾಲೂ ಒಂದೇ ಏಟಿಗೆ ಒಳಗೆ ಹೋದವು. ಭಾನುವಾರ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಹತ್ತಿಪ್ಪತ್ತು ಹಳೇ ಲಿಂಕ್ ಒತ್ತಿ ನೋಡಿದೆ. ಎಲ್ಲಾ ಸರಿಯಾಗಿ ಹೊಸ ಪುಟಕ್ಕೆ ಹೋದವು. ಖುಷಿಯಿಂದ ಮಲಗಿದೆ.

ಬೆಳಿಗ್ಗೆ ಚಿಕ್ಕಮ್ಮನ ಫೋನ್. 'ಎಲ್ಲಾ ಸರಿ ಮಾಡಿದ್ದೀನಿ ಅಂದ್ಯಲ್ಲೋ ಮಾರಾಯ. ನಮ್ಮ ಗ್ರೂಪಲ್ಲಿ ಯಾರು ಒತ್ತಿದರೂ ಪುಟವೇ ಇಲ್ಲ ಅಂತ ಬರ್ತಾ ಇದೆ.'

ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ, ಅವರ ಫೋನಿನಲ್ಲಿ ಇಲ್ಲ. ಏನಪ್ಪಾ ಇದು ಅಂತ ಪ್ಲಗಿನ್‌ನ 404 ಟ್ಯಾಬ್ ತೆರೆದೆ. ಸಿಗದೇ ಹೋದ ಪ್ರತಿ ವಿಳಾಸವನ್ನೂ ಇದು ಒಂದೊಂದಾಗಿ ಬರೆದಿಡುತ್ತದೆ. ಪಟ್ಟಿ ತುಂಬಾ ಹಳೇ ಲಿಂಕ್‌ಗಳೇ, ಆದರೆ ಪ್ರತಿಯೊಂದರ ಬಾಲದಲ್ಲೂ ಒಂದು ಪ್ರಶ್ನೆ ಚಿಹ್ನೆ, ಆಮೇಲೆ 'ಎಂ ಸಮ 1'. ಮೊಬೈಲ್‌ನಲ್ಲಿ ಬ್ಲಾಗರ್ ತೆರೆದರೆ ವಿಳಾಸಕ್ಕೆ ತಾನಾಗಿ ಸೇರುವ ಬಾಲ ಅದು. ಹತ್ತು ವರ್ಷದಿಂದ ಜನ ವಾಟ್ಸಾಪ್‌ನಲ್ಲಿ ಹಂಚಿಕೊಂಡದ್ದೆಲ್ಲ ಮೊಬೈಲ್‌ನಿಂದ, ಅಂದರೆ ಬಾಲ ಇರುವ ಲಿಂಕ್‌ಗಳೇ. ಕೆಲವಕ್ಕೆ ಫೇಸ್‌ಬುಕ್ ಅಂಟಿಸುವ 'ಎಫ್‌ಬಿಕ್ಲಿಡ್' ಅನ್ನುವ ಉದ್ದನೆಯ ಬಾಲ ಬೇರೆ. ಈ ಪ್ಲಗಿನ್ ಸುಮ್ಮನೆ ಬಿಟ್ಟರೆ ಪ್ರಶ್ನೆ ಚಿಹ್ನೆಯ ಆಚೆ ಇರುವುದನ್ನೂ ತಾಳೆ ನೋಡುತ್ತದೆ. ಒಂದಿಷ್ಟು ಬೇರೆ ಇದ್ದರೂ 'ಇದು ನಾನು ಕೇಳಿದ ವಿಳಾಸ ಅಲ್ಲ' ಅಂತ ಕೈಬಿಡುತ್ತದೆ.

ಮದ್ದು ಅದರೊಳಗೇ ಇದೆ. ಪ್ರತಿ ರೀಡೈರೆಕ್ಟ್‌ನಲ್ಲೂ ಮೂರು ಆಯ್ಕೆ: ಬಾಲ ಹಾಗೇ ಹೊಂದಬೇಕು, ಬಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ, ಅಥವಾ ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದಿನ ಪುಟಕ್ಕೆ ದಾಟಿಸು. ಹಳೇ ಬರಹಗಳಿಗೆ ಎರಡನೆಯದು, ಜಾಹೀರಾತು ಲಿಂಕ್‌ಗಳಿಗೆ ಮೂರನೆಯದು. ಜಾಹೀರಾತಿಗೆ ದುಡ್ಡು ಹಾಕುವವರು ಈ ಮೂರನೆಯದನ್ನು ಮರೆಯಬೇಡಿ. ಬಾಲದಲ್ಲಿ ಇರುವ ಯುಟಿಎಂ ಗುರುತುಗಳು (ಗಿರಾಕಿ ಎಲ್ಲಿಂದ ಬಂದರು ಅಂತ ಹೇಳುವ ಪದಗಳು) ನಡುದಾರಿಯಲ್ಲಿ ಉದುರಿಹೋದರೆ, ಸೈಟ್‌ಗೆ ಬಂದವರ ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲಿ ಎಷ್ಟೋ ಜನ 'ನೇರವಾಗಿ ಬಂದವರು' ಅಂತ ಕಾಣುತ್ತಾರೆ, ಯಾವ ಜಾಹೀರಾತಿನಿಂದ ಗಿರಾಕಿ ಬಂದರು ಅಂತ ಆಮೇಲೆ ಕವಡೆ ಹಾಕಿ ನೋಡಬೇಕು. ಇಷ್ಟು ಮುಖ್ಯವಾದ ಆಯ್ಕೆಯನ್ನು ಮೊದಲ ಪರದೆಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಇಡಬೇಕಿತ್ತು. ಇಟ್ಟಿಲ್ಲ. ಇದಕ್ಕೆ ಅರ್ಧ ಸ್ಟಾರ್ ಕಟ್.

ಇನ್ನು ಕನ್ನಡ ಸೈಟ್‌ನವರಿಗೆ ಇರುವ ಒಂದು ತಲೆನೋವು. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ, ಅದು ಸಂತೋಷ. ಆದರೆ ಒಳಗೆ ನಮ್ಮ ಒಂದೊಂದು ಅಕ್ಷರವೂ ಶೇಕಡಾ ಚಿಹ್ನೆ, ಇ, ಸೊನ್ನೆ ಅಂತ 9 ಅಕ್ಷರಗಳ ಸಂಕೇತ ಆಗುತ್ತದೆ. ಕಾಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. 'ಕರ್ನಾಟಕ' ಅನ್ನುವ ಒಂದು ಪದಕ್ಕೇ 63. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡುವ ಜಾಗ 200. ಅಂದರೆ 22 ಕನ್ನಡ ಚಿಹ್ನೆ ಆಗುತ್ತಿದ್ದ ಹಾಗೆ ಕತ್ತರಿ. 'ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ವಿಧಾನ' ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ 'ಅಪ್ಪೆಮಿಡಿ-ಉಪ್ಪಿನಕಾಯಿ-ಹಾಕ' ಅಂತ ನಿಲ್ಲುತ್ತದೆ. ಹಾಕ! ಅದನ್ನು ವಾಟ್ಸಾಪ್‌ಗೆ ಅಂಟಿಸಿದರೆ ನಾಲ್ಕು ಸಾಲು ಶೇಕಡಾ ಚಿಹ್ನೆಗಳ ರಾಶಿ. ನೋಡಿದವರಿಗೆ ಇದೇನೋ ವೈರಸ್ ಅನ್ನಿಸುತ್ತದೆ. ಇದು ಬೇಡ ಅಂತ ಮುಖ್ಯವಾದ ಬರಹಗಳ ವಿಳಾಸವನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ.

ಇಲ್ಲಿ ಒಂದು ಸತ್ಯ ಹೇಳಬೇಕು. ಪ್ರಕಟವಾದ ಬರಹದ ವಿಳಾಸ ಬದಲಾಯಿಸಿದರೆ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುವ ಕೆಲಸವನ್ನು ವರ್ಡ್‌ಪ್ರೆಸ್ ತಾನೇ ಮಾಡುತ್ತದೆ. ಅಷ್ಟಕ್ಕೇ ಈ ಪ್ಲಗಿನ್ ಬೇಡ. ಆದರೆ ಆ ನೆನಪು ಬರಹಗಳಿಗೆ ಮಾತ್ರ. 'ನಮ್ಮ ಬಗ್ಗೆ', 'ದರಪಟ್ಟಿ' ಅಂತ ಇರುವ ಪುಟಗಳಿಗೆ ಆ ಭಾಗ್ಯ ಇಲ್ಲ. ರೀಡೈರೆಕ್ಷನ್‌ನಲ್ಲಿ ವಿಳಾಸ ಬದಲಾವಣೆ ಗಮನಿಸುವ ಆಯ್ಕೆ ಒತ್ತಿಟ್ಟರೆ ಬರಹ, ಪುಟ ಎರಡಕ್ಕೂ ತಾನೇ ಒಂದು ಸಾಲು ಸೇರಿಸುತ್ತದೆ, ಮತ್ತು ಅದು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ, ಬೇಡದಿದ್ದರೆ ಅಳಿಸಬಹುದು. ಒಳಗೊಳಗೇ ನಡೆಯುವುದಕ್ಕಿಂತ ಕಾಣುವ ಹಾಗೆ ನಡೆಯುವುದು ನನಗೆ ಇಷ್ಟ.

ಈಗ ಬಾಟಲಿ ವಿಷಯಕ್ಕೆ ಬರೋಣ. ನಾನು ಈ ಪ್ಲಗಿನ್‌ಗೆ ಮನಸೋತದ್ದು ಇಲ್ಲೇ.

ಮೊದಲ ವರ್ಷ ಲೇಬಲ್ ಮೇಲೆ ಕ್ಯೂಆರ್ ಕೋಡ್ ಬೇಕು ಅಂತ ಆನ್‌ಲೈನ್‌ನಲ್ಲಿ 'ಉಚಿತ' ಅಂತ ಬರೆದುಕೊಂಡಿದ್ದ ಒಂದು ಸೇವೆಯಲ್ಲಿ ಮಾಡಿಸಿದೆ. ಹೆಸರು ಬೇಡ ಬಿಡಿ. 1000 ಲೇಬಲ್ ಪ್ರಿಂಟ್ ಆಯಿತು, ಬಾಟಲಿಗೆ ಅಂಟಿಸಿದ್ದೂ ಆಯಿತು. ಎರಡು ವಾರ ಕಳೆದ ಮೇಲೆ ಕೋಡ್ ಸ್ಕ್ಯಾನ್ ಮಾಡಿದರೆ 'ಈ ಕೋಡ್ ಸ್ಥಗಿತಗೊಂಡಿದೆ, ಮಾಲೀಕರು ಹಣ ಕಟ್ಟಿದರೆ ಮತ್ತೆ ಶುರುವಾಗುತ್ತದೆ' ಅನ್ನುವ ಪುಟ. ಉಪ್ಪಿನಕಾಯಿ ಕೆಡಲಿಲ್ಲ, ಲೇಬಲ್ ಕೆಟ್ಟಿತು. ಆಮೇಲೆ ಗೊತ್ತಾಯಿತು, ಆ ಕೋಡ್ ಒಳಗೆ ಇದ್ದದ್ದು ನಮ್ಮ ವಿಳಾಸ ಅಲ್ಲ, ಅವರ ವಿಳಾಸ. ಅವರು ಅಲ್ಲಿಂದ ನಮ್ಮ ಕಡೆ ತಿರುಗಿಸುತ್ತಿದ್ದರು. ಅಂದರೆ ರೀಡೈರೆಕ್ಟ್ ಅವರ ಕೈಯಲ್ಲಿ, ಜುಟ್ಟು ನಮ್ಮದು. ಚಿಕ್ಕಮ್ಮ, ಚಿಕ್ಕಪ್ಪ, ಪಕ್ಕದ ಮನೆಯ ಹುಡುಗರು ಎಲ್ಲಾ ಕೂತು ಹಳೇ ಕೋಡ್ ಮೇಲೆ ಸ್ಟಿಕ್ಕರ್ ಅಂಟಿಸಿದರು. ನಾನು ಆ ವಾರ ಊರಿಗೆ ಹೋಗಲಿಲ್ಲ.

ಈಗ ಮಾಡುವುದು ಸುಲಭ. ನಮ್ಮ ಡೊಮೇನ್, ಆಮೇಲೆ ಒಂದು ಓರೆಗೆರೆ, ಆಮೇಲೆ 'ಮಿಡಿ'. ಅಷ್ಟನ್ನೇ ಕ್ಯೂಆರ್ ಮಾಡಿ ಪ್ರಿಂಟ್ ಹಾಕಿಸಿದ್ದೇವೆ. ಆ ವಿಳಾಸದಲ್ಲಿ ಪುಟವೇ ಇಲ್ಲ. ಪ್ಲಗಿನ್‌ನಲ್ಲಿ ಅದಕ್ಕೊಂದು 302 ಹಾಕಿ ಕಾಲಕ್ಕೆ ತಕ್ಕ ಹಾಗೆ ತಿರುಗಿಸುತ್ತೇನೆ. ಮಿಡಿ ಬರುವ ಕಾಲದಲ್ಲಿ ಮುಂಗಡ ಬುಕಿಂಗ್ ಪುಟಕ್ಕೆ, ಸ್ಟಾಕ್ ಇದ್ದಾಗ ಅಂಗಡಿಗೆ, ಮುಗಿದ ಮೇಲೆ ಚಿಕ್ಕಮ್ಮನ ವಾಟ್ಸಾಪ್‌ಗೆ. ಲೇಬಲ್ ಅದೇ, ಕೋಡ್ ಅದೇ. ಎರಡು ವರ್ಷದ ಹಿಂದಿನ ಖಾಲಿ ಬಾಟಲಿಯಲ್ಲಿ ಕೊತ್ತಂಬರಿ ಬೀಜ ತುಂಬಿಟ್ಟುಕೊಂಡವರೂ ಇವತ್ತು ಸ್ಕ್ಯಾನ್ ಮಾಡಿ ಆರ್ಡರ್ ಕೊಡುತ್ತಾರೆ. ಹೀಗೆ ಆಗಾಗ ಬದಲಾಗುವುದಕ್ಕೆ 301 ಹಾಕಬೇಡಿ. ಬ್ರೌಸರ್‌ಗಳು 301 ಅನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತವೆ. ನಾನು ಒಮ್ಮೆ ತಪ್ಪಿ 301 ಹಾಕಿ, ಸರಿಪಡಿಸಿದ ಮೇಲೂ ನನ್ನ ಫೋನ್ ಹಳೇ ಪುಟಕ್ಕೇ ಎಳೆದುಕೊಂಡು ಹೋಗುತ್ತಿತ್ತು. ಇನ್‌ಕಾಗ್ನಿಟೋದಲ್ಲಿ ನೋಡಿದರೆ ಸರಿ ಇತ್ತು.

2024ರ ಮಾರಿಕಾಂಬಾ ಜಾತ್ರೆಯಲ್ಲಿ ಸಣ್ಣ ಸ್ಟಾಲ್ ಹಾಕಿದ್ದರು. ಅಲ್ಲಿನ ಬೋರ್ಡ್‌ಗೆ ಬೇರೆ ಹೆಸರಿನ ಕೋಡ್, ಬಾಟಲಿಗೆ ಬೇರೆ, ಕೊರಿಯರ್ ಡಬ್ಬದೊಳಗೆ ಹಾಕುವ ಚೀಟಿಗೆ ಬೇರೆ. ಮೂರೂ ಹೋಗುವುದು ಒಂದೇ ಪುಟಕ್ಕೆ, ಆದರೆ ಪ್ರತಿಯೊಂದರ ಬಾಲದಲ್ಲಿ ಬೇರೆ ಯುಟಿಎಂ. ಯಾವ ಕಡೆಯಿಂದ ಜನ ಬಂದರು ಅಂತ ಅನಲಿಟಿಕ್ಸ್‌ನಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಕೊರಿಯರ್ ಚೀಟಿಯೇ ಗೆದ್ದಿತು, ಜಾತ್ರೆ ಬೋರ್ಡ್ ಅಲ್ಲ. ಜಾತ್ರೆಯಲ್ಲಿ ಕೈಯಲ್ಲಿ ಬಾಟಲಿಯೇ ಸಿಗುವಾಗ ಫೋನ್ ಯಾರು ತೆಗೀತಾರೆ, ಅಲ್ವಾ? ಪ್ಲಗಿನ್ ಕೂಡ ಪ್ರತಿ ಸಾಲಿನ ಪಕ್ಕ 'ಹಿಟ್ಸ್' ಅಂತ ಒಂದು ಅಂಕಿ ತೋರಿಸುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬಾಟ್‌ಗಳು (ತಾವಾಗಿ ಸೈಟ್‌ಗಳನ್ನು ಸುತ್ತುವ ಪ್ರೋಗ್ರಾಂಗಳು) ಬಂದದ್ದೂ, ಲಿಂಕ್ ಹಂಚಿದಾಗ ಚಿತ್ರ ತೋರಿಸಲು ವಾಟ್ಸಾಪ್ ಬಂದು ನೋಡಿ ಹೋದದ್ದೂ ಅದರಲ್ಲಿ ಸೇರಿರುತ್ತದೆ.

ಇಷ್ಟಕ್ಕೆ ಉದ್ದ ವಿಳಾಸವನ್ನು ಚಿಕ್ಕ 'ಶಾರ್ಟ್ ಲಿಂಕ್' ಮಾಡಿಕೊಡುವ ಬಿಟ್ಲಿ, ಟೈನಿಯುಆರ್‌ಎಲ್ ಸಾಕಲ್ಲವಾ ಅಂತ ಕೇಳುವವರಿದ್ದಾರೆ. ಟೈನಿಯುಆರ್‌ಎಲ್ 2002ರಿಂದ ಇದೆ, ಬಿಟ್ಲಿ 2008ರಿಂದ. ಕೆಲಸ ಮಾಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಗೂಗಲ್‌ನ ಸ್ವಂತ ಶಾರ್ಟ್ ಲಿಂಕ್ ಸೇವೆಯ ಕಥೆ ನೋಡಿ. ಮುಚ್ಚುತ್ತೇವೆ ಅಂತ 2018ರಲ್ಲಿ ಹೇಳಿದರು, 2019ರ ಮಾರ್ಚ್‌ನಿಂದ ಹೊಸ ಲಿಂಕ್ ಮಾಡುವುದು ನಿಂತಿತು, 2025ರ ಆಗಸ್ಟ್ 25ಕ್ಕೆ ಹಳೇ ಲಿಂಕ್‌ಗಳೂ ಸಾಯುತ್ತವೆ ಅಂದರು. ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ, ಬಳಕೆಯಲ್ಲಿ ಇರುವ ಲಿಂಕ್‌ಗಳನ್ನು ಉಳಿಸುತ್ತೇವೆ, ಉಳಿದವು ಹೋಗುತ್ತವೆ ಅಂದರು. ಯಾರೂ ಒತ್ತದೆ ಕೂತಿದ್ದ ಲಿಂಕ್ ಅಂದರೆ ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲೋ, ಹಳೇ ಆಮಂತ್ರಣ ಪತ್ರಿಕೆಯಲ್ಲೋ ಅಚ್ಚಾಗಿರುವ ಲಿಂಕ್. ಅಚ್ಚಾದದ್ದನ್ನು ತಿದ್ದಲು ಆಗುತ್ತದಾ? ಅದೂ ಅಲ್ಲದೆ ನಮ್ಮ ಜನ ಈಗ ಶಾರ್ಟ್ ಲಿಂಕ್ ಕಂಡರೆ ಹೆದರುತ್ತಾರೆ. ಕೆವೈಸಿ ಅಪ್‌ಡೇಟ್ ಮಾಡಿ, ಕರೆಂಟ್ ಬಿಲ್ ಕಟ್ಟಿ ಅಂತ ಬರುವ ಮೋಸದ ಮೆಸೇಜ್‌ಗಳಲ್ಲೆಲ್ಲ ಅವೇ ಇರುವುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಕೂಡ 2024ರ ಅಕ್ಟೋಬರ್ 1ರಿಂದ ವ್ಯಾಪಾರದ ಎಸ್‌ಎಂಎಸ್‌ನಲ್ಲಿ ಮೊದಲೇ ನೋಂದಾಯಿಸದ ಲಿಂಕ್ ಇದ್ದರೆ ತಡೆಯಿರಿ ಅಂದಿದೆ. ನಮ್ಮ ಹೆಸರೇ ಇರುವ ಲಿಂಕ್ ಕಳಿಸಿದರೆ ಚಿಕ್ಕಮ್ಮನ ಗಿರಾಕಿಗಳು ಧೈರ್ಯವಾಗಿ ಒತ್ತುತ್ತಾರೆ.

ನಾನು ಮಾಡಿಕೊಂಡ ಇನ್ನೊಂದು ಎಡವಟ್ಟು. ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ, ಅಂದರೆ ಸುರಕ್ಷಿತ ಸಂಪರ್ಕಕ್ಕೆ, ಕಳಿಸುವ ಆಯ್ಕೆ ಪ್ಲಗಿನ್‌ನ 'ಸೈಟ್' ಟ್ಯಾಬ್‌ನಲ್ಲಿದೆ. ಒತ್ತಿದೆ. ಸೈಟ್ ಮುಂದೆ ಒಂದು ಸಿಡಿಎನ್ (ಗಿರಾಕಿಗೂ ನಮ್ಮ ಸರ್ವರ್‌ಗೂ ನಡುವೆ ನಿಂತು ಪುಟ ತಲುಪಿಸುವ ಸೇವೆ) ಇತ್ತು, ಅದು ಗಿರಾಕಿಯ ಜೊತೆ ಎಚ್‌ಟಿಟಿಪಿಎಸ್‌ನಲ್ಲಿ, ನಮ್ಮ ಸರ್ವರ್ ಜೊತೆ ಬರೀ ಎಚ್‌ಟಿಟಿಪಿಯಲ್ಲಿ ಮಾತಾಡುವ ಹಾಗೆ ನಾನೇ ಇಟ್ಟಿದ್ದೆ. ಪ್ಲಗಿನ್ 'ಸುರಕ್ಷಿತ ದಾರಿಯಲ್ಲಿ ಬಾ' ಅನ್ನುತ್ತದೆ, ಸಿಡಿಎನ್ ಮತ್ತೆ ಹಳೇ ದಾರಿಯಲ್ಲೇ ಬರುತ್ತದೆ, ಅಳಿಯ ಅತ್ತೆ 'ನೀವು ಕೂರಿ, ನೀವು ಕೂರಿ' ಅಂದ ಹಾಗೆ. ಕೊನೆಗೆ ಕ್ರೋಮ್ ಕೈಚೆಲ್ಲಿ ಎರರ್ ತೋರಿಸಿತು. ಅಡ್ಮಿನ್ ಪುಟಕ್ಕೂ ಹೋಗಲಾಗದೆ ಫೈಲ್ ಮ್ಯಾನೇಜರ್‌ನಲ್ಲಿ ಪ್ಲಗಿನ್ ಫೋಲ್ಡರ್ ಹೆಸರು ಬದಲಾಯಿಸಿ ಅದನ್ನು ನಿಲ್ಲಿಸಿದೆ. ಆಮೇಲೆ ಸಿಡಿಎನ್ ಸೆಟ್ಟಿಂಗ್ ಸರಿ ಮಾಡಿದೆ. ಪ್ಲಗಿನ್‌ನ ತಪ್ಪಲ್ಲ, ನನ್ನದೇ.

ಹಾಗಂತ ಇದರಲ್ಲಿ ಕೊರತೆ ಇಲ್ಲವೇ? ಇದೆ. ಪ್ರತಿ ರೀಡೈರೆಕ್ಟ್‌ಗೂ ಪೂರ್ತಿ ವರ್ಡ್‌ಪ್ರೆಸ್ ಎದ್ದು ಕೂರಬೇಕು. ಸರ್ವರ್ ಮಟ್ಟದಲ್ಲೋ ಸಿಡಿಎನ್‌ನಲ್ಲೋ ಮಾಡಿದರೆ ಇದಕ್ಕಿಂತ ಬೇಗ ಆಗುತ್ತದೆ. ನಮ್ಮಂಥ ಸಣ್ಣ ಸೈಟ್‌ಗೆ ಗೊತ್ತೇ ಆಗುವುದಿಲ್ಲ, ಆದರೆ ದಿನಕ್ಕೆ ಸಾವಿರಾರು ಜನ ಬರುವವರಿಗೆ ಗೊತ್ತಾಗಬಹುದು. ಅಂಥವರು ಇದರಿಂದಲೇ ಅಪಾಚೆ ಅಥವಾ ಎಂಜಿನ್‌ಎಕ್ಸ್ ಅನ್ನುವ ಸರ್ವರ್ ತಂತ್ರಾಂಶಗಳಿಗೆ ಹೊಂದುವ ನಿಯಮಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ಸೈಟ್ ಬಿದ್ದರೆ ಕ್ಯೂಆರ್ ಕೂಡ ಬಿದ್ದ ಹಾಗೆ, ಅದು ನೆನಪಿರಲಿ. 404 ಲಾಗ್ ಬೇರೆ ಬೊಜ್ಜು ಬೆಳೆಸುತ್ತದೆ. ಲೋಕದ ಹ್ಯಾಕರ್ ಬಾಟ್‌ಗಳೆಲ್ಲ ಬಂದು ಇಲ್ಲದ ಫೈಲ್‌ಗಳನ್ನು ತಡಕಾಡುವುದನ್ನು ಇದು ಶ್ರದ್ಧೆಯಿಂದ ಬರೆದಿಡುತ್ತದೆ. ನಾನು ಒಂದು ವಾರದ ಲಾಗ್ ಮಾತ್ರ ಇರಲಿ ಅಂತ ಇಟ್ಟಿದ್ದೇನೆ. ಐಪಿ ವಿಳಾಸ ಉಳಿಸುವುದನ್ನೂ ನಿಲ್ಲಿಸಿದ್ದೇನೆ. ಗಿರಾಕಿಗಳ ಐಪಿ ಇಟ್ಟುಕೊಂಡು ನಮಗೇನು?

ಮತ್ತೊಂದು. ಸಿಗದ ಲಿಂಕ್‌ಗಳನ್ನೆಲ್ಲ ಸೀದಾ ಮುಖಪುಟಕ್ಕೆ ತಿರುಗಿಸಿಬಿಡುವ ಚಾಳಿ ನಮ್ಮ ಕಡೆ ಜಾಸ್ತಿ. ಪ್ಲಗಿನ್ ಅದನ್ನೂ ಮಾಡಿಕೊಡುತ್ತದೆ, ಮಾಡಬೇಡಿ. ಬಂದವರು ಹಲಸಿನ ಹಪ್ಪಳ ಕೇಳಿದ್ದರೆ ಮುಖಪುಟ ತೋರಿಸಿ ಏನು ಪ್ರಯೋಜನ? ಗೂಗಲ್ ಕೂಡ ಅದನ್ನು ಸಾಫ್ಟ್ 404, ಅಂದರೆ ಪುಟ ಇಲ್ಲದ್ದಕ್ಕೇ ಸಮ ಅಂತ ಲೆಕ್ಕ ಹಾಕುತ್ತದೆ. ಹತ್ತಿರದ ಪುಟ ಇದ್ದರೆ ಅಲ್ಲಿಗೆ ಕಳಿಸಿ. ಇಲ್ಲವೇ ಇಲ್ಲ ಅಂದರೆ 410 ('ಈ ಪುಟ ಹೋಯಿತು, ಇನ್ನು ಬರುವುದಿಲ್ಲ' ಅನ್ನುವ ಸಂಕೇತ) ಕೊಡಿ, ಅದೂ ಇದರಲ್ಲಿದೆ. ಹಾಗೇ ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸರಪಳಿ ಕಟ್ಟಬೇಡಿ. ನಾನು ಆರು ತಿಂಗಳಿಗೊಮ್ಮೆ ಪಟ್ಟಿ ನೋಡಿ ಹಳೆಯದನ್ನು ನೇರವಾಗಿ ಕೊನೇ ಪುಟಕ್ಕೆ ತಿದ್ದುತ್ತೇನೆ. ರೀಡೈರೆಕ್ಟ್ ಅನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ನಾನಂತೂ 2022ರದ್ದು ಒಂದನ್ನೂ ತೆಗೆದಿಲ್ಲ. ಮೊನ್ನೆ ಕೂಡ 2013ರ ಮಾವಿನಹಣ್ಣಿನ ಸಾಸಿವೆಯ ಹಳೇ ಲಿಂಕ್ ಹಿಡಿದು ಯಾರೋ ಬಂದಿದ್ದರು.

ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್‌ನ ಉಚಿತ ವಿಳಾಸದಲ್ಲೇ ಇರುವವರಿಗೆ ಇದು ಪ್ರಯೋಜನ ಇಲ್ಲ. ಆ ವಿಳಾಸ ನಿಮ್ಮ ವರ್ಡ್‌ಪ್ರೆಸ್‌ಗೆ ಬರುವುದೇ ಇಲ್ಲವಲ್ಲ. ಬ್ಲಾಗರ್ ಸೆಟ್ಟಿಂಗ್‌ನಲ್ಲೂ ರೀಡೈರೆಕ್ಟ್ ಇದೆ, ಆದರೆ ಅದೇ ಬ್ಲಾಗ್‌ನ ಒಳಗೆ ಮಾತ್ರ, ಹೊರಗಿನ ಸೈಟ್‌ಗೆ ಬಿಡುವುದಿಲ್ಲ. ಇವತ್ತೇ ಡೊಮೇನ್ ತೆಗೆದುಕೊಂಡು ಅಲ್ಲಿಗೇ ಜೋಡಿಸಿಡಿ. ಸಾಗಿಸುವುದನ್ನು ಆಮೇಲೆ ಯೋಚಿಸಿದರಾಯಿತು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಅರ್ಧ ಹೋದದ್ದು ಆ ಬಾಲದ ಆಯ್ಕೆಗೆ, ಇನ್ನರ್ಧ ಲಾಗ್ ಬೊಜ್ಜಿಗೆ. ಚಿಕ್ಕಮ್ಮ ಈ ಸಲ ಮುರುಗಲು ಶರಬತ್ತು ಶುರು ಮಾಡುತ್ತಿದ್ದಾರೆ. 'ಆ ಬಾಟಲಿಗೂ ಒಂದು ಚೌಕ ಕಳಿಸು, ಸ್ಟಿಕ್ಕರ್ ಅಂಟಿಸೋದು ಇಲ್ಲ ತಾನೆ?' ಅಂತ ನಿನ್ನೆ ಕೇಳಿದರು. ಡೊಮೇನ್, ಓರೆಗೆರೆ, 'ಮುರುಗಲು' ಅಂತ ಮಾಡಿ ಕಳಿಸಿದ್ದೇನೆ. ಸದ್ಯಕ್ಕೆ ಅದು ಉಪ್ಪಿನಕಾಯಿ ಪುಟಕ್ಕೇ ಹೋಗುತ್ತಿದೆ.